ಬಿಟ್ಟ ಮಾಡ್ಯೂಲ್ ಬೆನ್ನು ಬಿಡಲಿಲ್ಲ

ಮೊದಲ ಸೆಮಿಸ್ಟರ್‌ನ ಗಣಿತ ಪರೀಕ್ಷೆಗೆ ನಾಲ್ಕೇ ದಿನ ಬಾಕಿ. ವಿಜಯನಗರದ ಟೀ ಅಂಗಡಿ ಮುಂದೆ ಸಿಕ್ಕ ಸೀನಿಯರ್ ಒಬ್ಬರು ನನ್ನ ಮುಖ ನೋಡಿಯೇ ಸಂಗತಿ ಊಹಿಸಿದರು. ‘ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ಸಾ? ಬಿಟ್ಹಾಕು ಮಗಾ, ಉಳಿದಿದ್ದರಲ್ಲೇ ಪಾಸಾಗ್ತೀಯ’ ಅಂದರು.

ಅವರ ಲೆಕ್ಕ ತಪ್ಪಿರಲಿಲ್ಲ. ವಿಟಿಯು 2022ರ ಸ್ಕೀಮ್‌ನಲ್ಲಿ ಪ್ರಶ್ನೆಪತ್ರಿಕೆ 100 ಅಂಕದ್ದು. ಐದು ಮಾಡ್ಯೂಲ್, ಒಂದೊಂದಕ್ಕೆ 20 ಅಂಕ. ಪರೀಕ್ಷೆಯಲ್ಲಿ 35 ಬಂದು, ಇಂಟರ್ನಲ್ಸ್ ಚೆನ್ನಾಗಿದ್ದರೆ ಗಂಡಾಂತರ ಕಳೆಯಿತು. ಎರಡು ಮಾಡ್ಯೂಲ್ ಪೂರ್ತಿ ಮುಚ್ಚಿಟ್ಟರೂ 60 ಅಂಕಕ್ಕೆ ಬರೆಯಬಹುದು. ಕಂಪ್ಯೂಟರ್ ಸೈನ್ಸ್‌ನ ನಮಗೆ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಇದ್ದದ್ದು ಎರಡನೇ ಮಾಡ್ಯೂಲ್‌ನಲ್ಲಿ. ಬಿಟ್ಟೆ. ಪಾಸಾದೆ. ಮನೆಯಲ್ಲಿ ಸಿಹಿ ಹಂಚಿದರು.

ಮೂರನೇ ವರ್ಷದಲ್ಲಿ ಒಂದು ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋದೆ. ಮನೆಯ ಅಳತೆ ಮತ್ತು ಮೆಟ್ರೊ ನಿಲ್ದಾಣದಿಂದ ಇರುವ ದೂರ ಕೊಟ್ಟರೆ ಬಾಡಿಗೆ ಅಂದಾಜು ಮಾಡುವ ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ನನ್ನದು. ಸಂದರ್ಶಕರು ನನ್ನ ಕೋಡ್‌ನ ಒಂದು ಸಾಲಿಗೆ ಬೆರಳಿಟ್ಟು, ‘ಗ್ರೇಡಿಯಂಟ್ ಡಿಸೆಂಟ್ ಬಳಸಿದ್ದೀರಿ. ಇಲ್ಲಿ ಮೈನಸ್ ಯಾಕಿದೆ?’ ಎಂದು ಕೇಳಿದರು. ಫಾರ್ಮುಲಾದಲ್ಲೇ ಹಾಗಿದೆ ಅಂದೆ. ಅವರು ನಕ್ಕರು, ಮುಂದಿನ ಪ್ರಶ್ನೆ ಕೇಳಲಿಲ್ಲ. ಇಂಟರ್ನ್‌ಶಿಪ್ ಸಿಗಲಿಲ್ಲ.

ಆ ಮೈನಸ್ಸಿನ ಅರ್ಥ ಸಿಕ್ಕಿದ್ದು ಹಂಪಿನಗರದ ಗ್ರಂಥಾಲಯದಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ ಬೆಳಿಗ್ಗೆಯೇ ತುಂಬುವ ಜಾಗ ಅದು. ಪಕ್ಕದ ಕುರ್ಚಿಯಲ್ಲಿದ್ದ, ಸಿವಿಲ್ ಓದಿ ಎಇ ಹುದ್ದೆಗೆ ತಯಾರಿ ನಡೆಸುತ್ತಿದ್ದ ಅಣ್ಣನೊಬ್ಬ ನನ್ನ ಪೇಚಾಟ ನೋಡಿ ಹಾಳೆ ಎಳೆದುಕೊಂಡ. ಒಂದರೊಳಗೊಂದು ವಕ್ರರೇಖೆಗಳನ್ನು ಬರೆದ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂಟೂರ್ ರೇಖೆಗಳವು.

‘ಬಸವೇಶ್ವರನಗರದಲ್ಲಿ ಮಳೆ ಬಂದ್ರೆ ನೀರು ಎಲ್ಲಿಗೆ ಹೋಗುತ್ತೆ?’

‘ರಾಜಕಾಲುವೆಗೆ ಅಣ್ಣಾ, ಅಲ್ಲಿಂದ ವೃಷಭಾವತಿಗೆ.’

‘ನೀರಿಗೆ ದಾರಿ ಹೇಳಿದ್ದು ಯಾರು?’

ಇಳಿಜಾರು. ನೆಲದ ಎತ್ತರ ಒಂದೇ ಸಂಖ್ಯೆಯ ಮೇಲೆ ನಿಂತಿಲ್ಲ. ಪೂರ್ವಕ್ಕೆ ಎಷ್ಟು ಹೋದೆವು, ಉತ್ತರಕ್ಕೆ ಎಷ್ಟು ಹೋದೆವು ಎಂಬ ಎರಡರ ಮೇಲೂ ನಿಂತಿದೆ. ಪಿಯುಸಿಯಲ್ಲಿ ನಾವು ಅವಕಲನ ಮಾಡಿದ್ದು ಒಂದೇ ಚರದ ಉತ್ಪನ್ನಗಳನ್ನು. ಇಲ್ಲಿ ಚರ ಎರಡು. ಉತ್ತರ-ದಕ್ಷಿಣ ಅಲುಗದೆ ಪೂರ್ವಕ್ಕೆ ಮಾತ್ರ ಹೆಜ್ಜೆ ಇಟ್ಟಾಗ ಸಿಗುವ ಏರು ಒಂದು ಪಾರ್ಷಿಯಲ್ ಡೆರಿವೇಟಿವ್. ಉತ್ತರಕ್ಕೆ ಮಾತ್ರ ಇಟ್ಟಾಗ ಸಿಗುವುದು ಇನ್ನೊಂದು. ಎರಡನ್ನೂ ಜೋಡಿಸಿದರೆ ಗ್ರೇಡಿಯಂಟ್. ಅದು ತೋರಿಸುವುದು ಅತಿ ಕಡಿದಾದ ಏರಿನ ದಿಕ್ಕನ್ನು. ನೀರು ಅದಕ್ಕೆ ನೇರ ವಿರುದ್ಧವಾಗಿ, ಕಂಟೂರ್ ರೇಖೆಗಳನ್ನು ಲಂಬವಾಗಿ ದಾಟಿ ಇಳಿಯುತ್ತದೆ. ನನ್ನನ್ನು ಸೋಲಿಸಿದ ಮೈನಸ್ ಇಷ್ಟೇ.

ನನ್ನ ಪ್ರಾಜೆಕ್ಟ್‌ನಲ್ಲಿ ನೆಲದ ಎತ್ತರದ ಬದಲು ಅಂದಾಜಿನ ತಪ್ಪು ಇತ್ತು. ಪೂರ್ವ, ಉತ್ತರಗಳ ಬದಲು ಮನೆಯ ಅಳತೆಗೂ ಮೆಟ್ರೊ ದೂರಕ್ಕೂ ಕೊಡುವ ತೂಕಗಳಿದ್ದವು. ತಪ್ಪು ಕಡಿಮೆಯಾಗಬೇಕಾದರೆ ಇಳಿಯಬೇಕು, ಇಳಿಯಬೇಕಾದರೆ ಮೈನಸ್ ಬೇಕು. ಒಮ್ಮೆಗೇ ದೊಡ್ಡ ಹೆಜ್ಜೆ ಇಟ್ಟರೆ ಕಣಿವೆ ದಾಟಿ ಎದುರಿನ ದಿಬ್ಬಕ್ಕೆ ಹಾರುತ್ತೇವೆ. ಹೆಜ್ಜೆಯ ಅಳತೆ ನಿಗದಿ ಮಾಡುವುದು ಲರ್ನಿಂಗ್ ರೇಟ್. ಫ್ರಾನ್ಸ್‌ನ ಗಣಿತಜ್ಞ ಕೋಶಿ ಈ ಇಳಿಯುವ ವಿಧಾನವನ್ನು 1847ರಲ್ಲೇ ಮುಂದಿಟ್ಟಿದ್ದರು. ನಾವು ಎಐ ಹೊಸದು ಎಂದುಕೊಂಡು ಕೋರ್ಸ್‌ಗಳಿಗೆ ದುಡ್ಡು ಕಟ್ಟುತ್ತೇವೆ. ಅದರ ಬೇರು ನಾವು ಬಿಟ್ಟ ಎರಡನೇ ಮಾಡ್ಯೂಲ್‌ನಲ್ಲೇ ಇರುತ್ತದೆ.

ಇದು ನನ್ನ ಬ್ರಾಂಚ್‌ನ ಕಥೆ ಮಾತ್ರವಲ್ಲ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದುವವರು ಗೇಟ್ ಬರೆದರೆ ಪಾರ್ಷಿಯಲ್ ಡೆರಿವೇಟಿವ್ ಅಲ್ಲೂ ಎದುರಾಗುತ್ತದೆ. ಆಗ ಕೆಲವರು ಮೊದಲ ವರ್ಷದ ಪಾಠಕ್ಕೇ ಕೋಚಿಂಗ್ ಸೇರುತ್ತಾರೆ. ಒಮ್ಮೆ ಕಾಲೇಜಿಗೆ ಕಟ್ಟಿದ ಫೀಸನ್ನು ಎರಡನೇ ಸಲ ಕಟ್ಟಿದಂತೆ.

ಓದಲು ಸಮಯವೆಲ್ಲಿದೆ ಎನ್ನುವವರ ಕಷ್ಟವೂ ನನಗೆ ಗೊತ್ತು. ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್, ಇಂಟರ್ನಲ್ಸ್ ಮುಗಿಯುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಪಾಠದ ಇಂಗ್ಲಿಷ್ ಇನ್ನೊಂದು ಗೋಡೆ. ಬ್ಯಾಕ್‌ಲಾಗ್ ಭಯದಲ್ಲಿ ಸುಲಭದ್ದನ್ನು ಮೊದಲು ಓದುವುದು ತಪ್ಪಲ್ಲ. ಆದರೆ ಮೊದಲು ಓದುವುದು ಬೇರೆ, ಉಳಿದದ್ದನ್ನು ಶಾಶ್ವತವಾಗಿ ಮುಚ್ಚಿಡುವುದು ಬೇರೆ. ಪ್ರತಿ ಮಾಡ್ಯೂಲ್‌ನಲ್ಲೂ ಎರಡರಲ್ಲಿ ಒಂದು ಪ್ರಶ್ನೆ ಆರಿಸಿಕೊಳ್ಳುವ ಅವಕಾಶ ಇದ್ದೇ ಇದೆ. ಮಾಡ್ಯೂಲನ್ನೇ ಬಿಡುವುದು ನಾವು ಮಾಡಿಕೊಂಡ ರೂಢಿ.

ಅಧ್ಯಾಪಕರಲ್ಲೂ ಒಂದು ಮನವಿ. ಫಾರ್ಮುಲಾ ಬರೆಸುವ ಮುಂಚೆ ಒಂದು ತರಗತಿಯಲ್ಲಿ ಚಿತ್ರ ಬರೆದು, ಇದು ಯಾಕೆ ಬೇಕು ಎಂದು ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಹೇಳಿ. ಮ್ಯಾಕ್ಸಿಮಾ-ಮಿನಿಮಾಗೆ ‘ಆರ್‌ಟಿ ಮೈನಸ್ ಎಸ್ ಸ್ಕ್ವೇರ್’ ಎಂದು ಮಂತ್ರದಂತೆ ಬಾಯಿಪಾಠ ಮಾಡಿದವರು ನಾವು. ಅದು ದಿಬ್ಬದ ತುದಿಯನ್ನೂ ಗುಂಡಿಯ ತಳವನ್ನೂ ಕುದುರೆಯ ತಡಿಯಂಥ (ಸ್ಯಾಡಲ್) ಜಾಗದಿಂದ ಬೇರ್ಪಡಿಸುವ ಉಪಾಯ ಎಂದು ತಿಳಿದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಈಗ ಕೆಂಗೇರಿ ಕಡೆಯ ಕಾಲೇಜಿಗೆ ಮೆಟ್ರೊದಲ್ಲಿ ಹೋಗುವಾಗ, ಮೈಸೂರು ರಸ್ತೆಯ ಪಕ್ಕ ಹರಿಯುವ ವೃಷಭಾವತಿಯತ್ತ ಕಣ್ಣು ಹೋಗುತ್ತದೆ. ಎಷ್ಟು ಕೊಳಕಾದರೂ ಅದಕ್ಕೆ ದಿಕ್ಕು ತಪ್ಪಿಲ್ಲ, ಅರ್ಕಾವತಿಯನ್ನು ಸೇರಿಯೇ ಸೇರುತ್ತದೆ.

ಮೊನ್ನೆ ಅದೇ ಟೀ ಅಂಗಡಿಯಲ್ಲಿ ಜೂನಿಯರ್ ಒಬ್ಬ ಕೇಳಿದ: ‘ಅಣ್ಣಾ, ಎರಡನೇ ಮಾಡ್ಯೂಲ್ ಬಿಡಬಹುದಾ?’ ನಾನು ಅವನ ನೋಟ್‌ಬುಕ್ ತೆಗೆದುಕೊಂಡು ಕೊನೆಯ ಪುಟದಲ್ಲಿ ಕಂಟೂರ್ ರೇಖೆ ಬರೆಯತೊಡಗಿದೆ. ಟೀ ಆರಿತು, ಅವನು ಎದ್ದು ಹೋಗಲಿಲ್ಲ.