ತರಕಾರಿ ತೋಟದ ಯೂರಿಯಾಕ್ಕೆ ಅಳತೆ ಇರಲಿ



ಕೋಲಾರ ಜಿಲ್ಲೆಯಲ್ಲಿ ಟೊಮೆಟೊ, ಎಲೆಕೋಸು ಬೆಳೆಯುವ ನಮ್ಮಂಥವರು ಒಂದು ಬೆಳೆ ತೆಗೆದ ಹೊಲದಲ್ಲೇ ಇನ್ನೊಂದನ್ನು ನಾಟಿ ಮಾಡುತ್ತೇವೆ. ಪ್ರತಿ ಬಾರಿಯೂ ಹೊಸದಾಗಿ ಗೊಬ್ಬರ ಬೀಳುತ್ತದೆ. ಹಿಂದಿನ ಬೆಳೆ ಉಂಡು ಬಿಟ್ಟದ್ದು ಮಣ್ಣಿನಲ್ಲಿ ಎಷ್ಟಿದೆ ಎಂದು ನೋಡುವವರು ಕಡಿಮೆ. 45 ಕೆ.ಜಿ. ಯೂರಿಯಾ ಮೂಟೆ ಸಬ್ಸಿಡಿಯಿಂದಾಗಿ 270 ರೂಪಾಯಿಯೊಳಗೆ ಸಿಗುವಾಗ, ಇಳುವರಿ ತಪ್ಪೀತೆಂಬ ಭಯಕ್ಕೆ ಇನ್ನಷ್ಟು ಸುರಿಯುವುದೇ ಸುಲಭ.

ಯೂರಿಯಾದಲ್ಲಿ ಗಿಡ ಹೀರದೆ ಉಳಿದ ಸಾರಜನಕದ ಒಂದು ಭಾಗ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಇನ್ನೊಂದಿಷ್ಟನ್ನು ಒದ್ದೆ ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಬಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಹವಾಮಾನ ಕೆಟ್ಟರೆ ಮೊದಲು ನಷ್ಟ ಅನುಭವಿಸುವವರೂ ಬೆಳೆಗಾರರೇ.

2015ರಲ್ಲೇ, ಮಣ್ಣು ಪರೀಕ್ಷಿಸಿ ಕೊಡುವ ಮಣ್ಣು ಆರೋಗ್ಯ ಚೀಟಿ ಬಂತು, ಯೂರಿಯಾಕ್ಕೆ ಬೇವಿನೆಣ್ಣೆ ಲೇಪನ ಕಡ್ಡಾಯವಾಯಿತು. ಎರಡೂ ಒಳ್ಳೆಯ ಕ್ರಮಗಳೇ. ಆದರೆ ನಾಟಿ ಮುಗಿದ ಮೇಲೆ ಚೀಟಿ ಕೈಸೇರಿದರೆ ಪ್ರಯೋಜನವೇನು? ರೈತ ಸಂಪರ್ಕ ಕೇಂದ್ರಗಳು ನಾಟಿಗೆ ಮೊದಲೇ ಪರೀಕ್ಷೆಯ ಫಲಿತಾಂಶ ಕೊಡಲಿ. ಎಕರೆಗೆ ಎಷ್ಟು ಕೆ.ಜಿ., ಯಾವ ವಾರ ಎಂಬುದನ್ನು ಬಿಡಿಸಿ ಬರೆದುಕೊಡಲಿ. ಹನಿ ನೀರಾವರಿ ನಮ್ಮ ಅನೇಕ ತೋಟಗಳಲ್ಲಿ ಈಗಾಗಲೇ ಇದೆ. ಅದರಲ್ಲೇ ಗೊಬ್ಬರವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟರೆ ಪೋಲಾಗುವುದು ಕಡಿಮೆ. ಈ ವಿಧಾನವನ್ನು ತೋಟಗಾರಿಕೆ ಇಲಾಖೆ ಹೊಲಕ್ಕೇ ಬಂದು ಕಲಿಸಬೇಕು. ಯೂರಿಯಾಕ್ಕೆ ಹೋಗುವ ಸಬ್ಸಿಡಿಯಲ್ಲಿ ಒಂದು ಪಾಲನ್ನು ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್ ಬಳಸುವವರಿಗೂ ಕೊಡಬೇಕೆಂದು ಸರ್ಕಾರವನ್ನು ಕೋರುತ್ತೇನೆ.

– ತರಕಾರಿ ಬೆಳೆಗಾರ, ಮುಳಬಾಗಿಲು ತಾಲ್ಲೂಕು