ಕಲ್ಲು ಮೆದುವಾಗಿರುವಾಗ

ಬೇಲೂರು-ಹಳೇಬೀಡುಗಳನ್ನು ನೋಡಲು ರೈಲಿನಲ್ಲಿ ಬರುವವರಿಗೆ ಅರಸೀಕೆರೆಯೇ ಹೆಬ್ಬಾಗಿಲು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಾದಿಗೆ ಹಾಸನ-ಮೈಸೂರುಗಳ ಹಾದಿ ಬಂದು ಕೂಡುವುದು ಇಲ್ಲಿ. ಹೊಯ್ಸಳರ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ಆದರೆ ಇಲ್ಲಿ ಇಳಿದವರಲ್ಲಿ ಅರಸಿಯನ್ನಾಗಲಿ ಕೆರೆಯನ್ನಾಗಲಿ ನೆನೆಯುವವರು ವಿರಳ. ಒಂದು ಲೋಟ ಕಾಫಿ ಕುಡಿದು, ಬಸ್ಸು ಎಲ್ಲಿ ನಿಲ್ಲುವುದೆಂದು ವಿಚಾರಿಸಿ, ಶಿಲಾಬಾಲಿಕೆಯರ ದರ್ಶನಕ್ಕೆ ಹೊರಟುಬಿಡುತ್ತಾರೆ. ನನ್ನ ತಂಗಿಯ ಮನೆ ಆ ಊರಿನಲ್ಲಿರುವುದರಿಂದ ನನಗೆ ಮಾತ್ರ ಕಾಫಿಯ ಜೊತೆಗೆ ಕಾಯಿಹೋಳಿಗೆಯೂ ದೊರೆಯುತ್ತದೆ. ತೆಂಗಿನ ಸೀಮೆಯ ಹೋಳಿಗೆಯನ್ನು ತಿಂದವರಿಗೆ ಅದರ ರುಚಿಯನ್ನು ವರ್ಣಿಸಬೇಕಾಗಿಲ್ಲ.

ಈ ಸಲ ಬೇಲೂರಿಗೆ ನನ್ನ ಜೊತೆ ಹೊರಟವಳು ತಂಗಿಯ ಮಗಳು. ಅವಳಿಗೀಗ ಇಪ್ಪತ್ತು ದಾಟಿದೆ. ಹಾಸನದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಚೆನ್ನಕೇಶವನ ಗುಡಿಯನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದನೆಂಬುದೂ, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವೆಂಬುದೂ ವಾಚಕರಿಗೆ ತಿಳಿದ ಸಂಗತಿಯೇ. ಸೂರಿನಡಿಯ ಮದನಿಕೆಯರನ್ನು ಕತ್ತೆತ್ತಿ ನೋಡುತ್ತ ಬಂದೆವು. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತನಾಡುವವಳು, ಮದ್ದಳೆ ಬಾರಿಸುವವಳು. ಬಿಲ್ಲನ್ನೆತ್ತಿ ಬೇಟೆಗೆ ನಿಂತವಳ ಬಳಿ ಹುಡುಗಿ ತಡೆದು ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲನೆ ಕೇಳಿದಳು:

“ಮಾವ, ಇವಳನ್ನು ಯಾರೂ ಟ್ಯೂಷನ್ನಿಗೆ ಕಳುಹಿಸಲಿಲ್ಲವೆ?”

ನಗಬೇಕೆಂದು ಬಾಯಿ ತೆರೆದೆ. ನಗು ಬರಲಿಲ್ಲ. ಬೇಟೆಗಾರ್ತಿಯ ಬಿಲ್ಲಿನಿಂದ ಹೊರಟ ಬಾಣ ಒಂಬೈನೂರು ವರ್ಷ ತಡವಾಗಿ ಬಂದು ನನಗೇ ನಾಟಿದಂತಾಯಿತು. ಏಕೆಂದು ಹೇಳಬೇಕಾದರೆ 2017ಕ್ಕೆ ಹಿಂದಿರುಗಬೇಕು.

ಆ ವರ್ಷ ಜುಲೈ ತಿಂಗಳ ಕೊನೆಯ ವಾರದಲ್ಲಿ ಏಷ್ಯಾ ಖಂಡದ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಡೆಯಿತು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ತಂಡಗಳು ಈ ಕೂಟದಲ್ಲಿ ಆಡಿದ್ದು ಅದೇ ಮೊದಲು. ನಮ್ಮ ಹುಡುಗಿ ಆಗ ಎಂಟನೆಯ ತರಗತಿಯಲ್ಲಿದ್ದಳು. ಅವಳ ಶಾಲೆಯ ಅಂಗಳದಲ್ಲಿ ಎರಡು ಕಂಬ, ಎರಡು ಹಲಗೆ, ಬಲೆಯಿಲ್ಲದ ಎರಡು ಕಬ್ಬಿಣದ ಬಳೆಗಳಿದ್ದುವು; ಅಷ್ಟರಿಂದಲೇ ಅವಳಿಗೆ ಚೆಂಡಿನ ಹುಚ್ಚು ಹಿಡಿದಿತ್ತು. ಪಂದ್ಯ ತೋರಿಸಬೇಕೆಂದು ಹಟ ಹಿಡಿದಾಗ ಬೆಂಗಳೂರಿಗೆ ಕರೆದುಕೊಂಡು ಹೋದವನು ನಾನೇ.

ಭಾರತದ ತಂಡ ಆಗ ಎರಡನೆಯ ವಿಭಾಗದಲ್ಲಿ ಆಡುತ್ತಿತ್ತು. ಪುಣೆಯ ಶಿರೀನ್ ಲಿಮಯೆ, ಕೇರಳದ ಜೀನಾ ಸ್ಕಾರಿಯ, ನಮ್ಮ ಕರ್ನಾಟಕದ ನವನೀತ, 2001ರಿಂದಲೂ ರಾಷ್ಟ್ರತಂಡದಲ್ಲಿ ಆಡುತ್ತಿದ್ದ ಚೆನ್ನೈನ ಅನಿತಾ ಪಾಲ್‌ದುರೈ ಮೊದಲಾದವರು ಆ ತಂಡದಲ್ಲಿದ್ದರು. ಅಂತಿಮ ಪಂದ್ಯದಲ್ಲಿ ಎದುರಾದುದು ಕಜಕಿಸ್ತಾನ. ಈ ಆಟದಲ್ಲಿ ನಲವತ್ತು ನಿಮಿಷಗಳನ್ನು ಹತ್ತು ಹತ್ತು ನಿಮಿಷಗಳ ನಾಲ್ಕು ಪಾಲು ಮಾಡಿರುತ್ತಾರೆ. ಚೆಂಡು ಕೈಗೆ ಬಂದ ತಂಡ ಇಪ್ಪತ್ತನಾಲ್ಕು ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಬೇಕು. ಹೀಗಾಗಿ ನೋಡುವವರಿಗೂ ಉಸಿರು ಬಿಡಲು ಬಿಡುವಿಲ್ಲ. ಕೊನೆಯ ಪಾಲಿನ ಹೊತ್ತಿಗೆ ಹುಡುಗಿ ನನ್ನ ತೋಳನ್ನು ಹಿಡಿದ ಹಿಡಿತ ಎರಡು ದಿನ ನೋಯುತ್ತಿತ್ತು. ಭಾರತ 75, ಕಜಕಿಸ್ತಾನ 73. ಎರಡೇ ಅಂಕಗಳ ಗೆಲುವು! ನಮ್ಮವರು ಮೊದಲನೆಯ ವಿಭಾಗಕ್ಕೆ ಏರಿದರು. ಅದೇ ಕೂಟದ ಮೊದಲನೆಯ ವಿಭಾಗದಲ್ಲಿ ಜಪಾನ್ ಆಸ್ಟ್ರೇಲಿಯವನ್ನು ಸೋಲಿಸಿದುದು 74-73ರಿಂದ, ಒಂದೇ ಅಂಕದಿಂದ.

ಜಾವಗಲ್ಲು ಇರುವುದು ಅರಸೀಕೆರೆ ತಾಲ್ಲೂಕಿನಲ್ಲಿಯೇ. ಬಾಣಾವರದ ಮೇಲೆ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಆ ಹೆಸರು ಕೇಳಿದೊಡನೆ ನಮ್ಮ ಮನೆಗಳ ಚಿಕ್ಕ ಮಕ್ಕಳೂ ವೇಗದ ಬೌಲರ್ ಶ್ರೀನಾಥರನ್ನು ನೆನೆಯುತ್ತಾರೆ. ಅದು ಸಂತೋಷವೇ. ಆದರೆ ನಮ್ಮದೇ ರಾಜಧಾನಿಯಲ್ಲಿ ಎರಡು ಅಂಕಗಳಿಂದ ಗೆದ್ದ ಆ ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲ ಮನೆಗಳು ಎಷ್ಟಿವೆ? ಬೇಲೂರಿನ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಇಂದಿಗೂ ಇವೆ. ಕೆಲಸ ಮಾಡಿದವರ ಹೆಸರನ್ನು ಕಲ್ಲಿನಲ್ಲಿ ಕೊರೆದಿಡುವ ಮರ್ಯಾದೆ ಆ ಕಾಲಕ್ಕೆ ತಿಳಿದಿತ್ತು.

ಹೆಂಗಸರು ಚೆಂಡು ಹಿಡಿಯುವುದು ನಮಗೆ ಹೊಸದೆಂದು ಯಾರೂ ಹೇಳಲಾರರು. ದಂಡಿಯ ‘ದಶಕುಮಾರಚರಿತ’ದಲ್ಲಿ ಕಂದುಕಾವತಿ ಎಂಬ ರಾಜಕುಮಾರಿ ಜನರೆಲ್ಲ ನೋಡುತ್ತಿರುವಂತೆ ಚೆಂಡಾಡುತ್ತಾಳೆ; ಆ ಉತ್ಸವಕ್ಕೆ ಕಂದುಕೋತ್ಸವವೆಂದೇ ಹೆಸರು. ಅಡೆತಡೆಗಳು ಹುಟ್ಟಿದುದು ಬುಟ್ಟಿಚೆಂಡಿನ ತೌರಿನಲ್ಲಿಯೂ ಉಂಟು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಬುಟ್ಟಿಗಳನ್ನು ತೂಗಿಬಿಟ್ಟು ಈ ಆಟವನ್ನು ಕಂಡುಹಿಡಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್‌ಸನ್ ಎಂಬಾಕೆ ಅದನ್ನು ಹುಡುಗಿಯರಿಗೆ ಕಲಿಸತೊಡಗಿದರು. ಆದರೆ ಹೆಣ್ಣುಮಕ್ಕಳು ದಣಿದಾರು ಎಂಬ ಭಯದಿಂದ ಅಂಗಳವನ್ನು ಗೆರೆಯೆಳೆದು ಮೂರು ಭಾಗ ಮಾಡಿದರು. ಒಬ್ಬಳು ತನ್ನ ಭಾಗವನ್ನು ಬಿಟ್ಟು ಕದಲುವಂತಿಲ್ಲ. ಎದುರಾಳಿಯ ಕೈಯಿಂದ ಚೆಂಡನ್ನು ಕಿತ್ತುಕೊಳ್ಳುವಂತಿಲ್ಲ. ಮೂರಕ್ಕಿಂತ ಹೆಚ್ಚು ಸಲ ನೆಲಕ್ಕೆ ಪುಟಿಸುವಂತಿಲ್ಲ.

ಆ ಗೆರೆಗಳು ಒಂದೊಂದಾಗಿ ಅಳಿಸಿಹೋದುವು. 1953ರಲ್ಲಿ ಚಿಲಿ ದೇಶದಲ್ಲಿ ಮಹಿಳೆಯರ ಮೊದಲ ವಿಶ್ವಕೂಟ ನಡೆಯಿತು. ಗಂಡಸರ ಬ್ಯಾಸ್ಕೆಟ್‌ಬಾಲ್ 1936ರಲ್ಲಿಯೇ ಒಲಿಂಪಿಕ್ಸಿಗೆ ಸೇರಿದರೆ, ಹೆಂಗಸರದು ಸೇರಲು 1976ರ ವರೆಗೆ ಕಾಯಬೇಕಾಯಿತು. ಇಂದು ಅವರ ಚೆಂಡು ಗಂಡಸರದಕ್ಕಿಂತ ತುಸು ಚಿಕ್ಕದು, ಅಷ್ಟೆ. ಬಳೆಯ ಎತ್ತರ ಇಬ್ಬರಿಗೂ ಹತ್ತು ಅಡಿಯೇ. ಅಂಗಳದ ಗೆರೆ ಹೋಯಿತು. ಮನೆಯ ಗೆರೆ ಉಳಿದಿದೆ. ಅದನ್ನು ಎಳೆದವರಲ್ಲಿ ನಾನೂ ಒಬ್ಬ.

2019ರ ಸೆಪ್ಟೆಂಬರಿನಲ್ಲಿ ಅದೇ ಏಷ್ಯಾ ಕೂಟ ಮತ್ತೆ ಕಂಠೀರವಕ್ಕೆ ಬಂದಿತು. ಹುಡುಗಿ ಆಗ ಎಸ್.ಎಸ್.ಎಲ್.ಸಿ. ತರಗತಿ. “ಮಾವ, ಹೋಗೋಣವೆ?” ಎಂದು ಕೇಳಿದಳು. ತಂಗಿ ನನ್ನ ಮುಖವನ್ನು ನೋಡಿ, “ಅಣ್ಣ, ನೀನೇ ಹೇಳು, ನಿನ್ನ ಮಾತನ್ನಾದರೆ ಕೇಳುತ್ತಾಳೆ” ಎಂದಳು. ಹೇಳಿದೆ. ಪರೀಕ್ಷೆ ಮುಗಿಯಲಿ, ಆಮೇಲೆ ಆಟ ಇದ್ದೇ ಇದೆ ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಮ್ಮ ಹೆಣ್ಣುಮಕ್ಕಳ ಎತ್ತರಕ್ಕೆ ಈ ಆಟ ಒಗ್ಗುವುದಿಲ್ಲ, ಮುಂದೆ ಏನೂ ಪ್ರಯೋಜನವಿಲ್ಲ ಎಂದು ತಿಳಿವಳಿಕೆಯನ್ನೂ ಹೇಳಿದೆ. ಅವಳು ವಾದಿಸಲಿಲ್ಲ. ಚೆಂಡನ್ನು ಅಟ್ಟದ ಮೇಲಿಟ್ಟು ಸಂಜೆಯ ಟ್ಯೂಷನ್ನಿಗೆ ಹೊರಟಳು. ಪರೀಕ್ಷೆಯೋ, ಮಹಾಮಾರಿಯ ಕಾರಣದಿಂದ 2020ರ ಜೂನಿಗೆ ಮುಂದೆ ಹೋಯಿತು. ಅಂಕಗಳು ಚೆನ್ನಾಗಿಯೇ ಬಂದುವು. ಚೆಂಡು ಮಾತ್ರ ಅಟ್ಟದಿಂದ ಇಳಿಯಲಿಲ್ಲ.

ನಾನು ಹೇಳಿದ ಎರಡು ಮಾತುಗಳೂ ತಪ್ಪೆಂದು ಲೋಕವೇ ನನಗೆ ತೋರಿಸಿಕೊಟ್ಟಿತು.

ಮೊದಲನೆಯದು ಎತ್ತರದ ಮಾತು. ನಾವು ಹೋಗದ ಆ 2019ರ ಕೂಟದಲ್ಲಿ ಜಪಾನ್ ಚೀನವನ್ನು 71-68ರಿಂದ ಸೋಲಿಸಿ ಮತ್ತೆ ಗೆದ್ದಿತು. ಎಂಟು ತಂಡಗಳಲ್ಲಿ ನಮ್ಮದು ಎಂಟನೆಯ ಸ್ಥಾನ. ದೊಡ್ಡ ತಂಡಗಳ ನಡುವೆ ಜಪಾನಿನವರು ಗಿಡ್ಡರು. ತಮ್ಮ ಎತ್ತರವನ್ನು ಬೆಳೆಸಲಾರೆವೆಂದು ತಿಳಿದ ಅವರು ಓಟವನ್ನು ಬೆಳೆಸಿಕೊಂಡರು. ಬುಟ್ಟಿಯ ಕೆಳಗೆ ನೂಕಾಡುವ ಬದಲು ಮೂರು ಅಂಕಗಳ ಗೆರೆಯಾಚೆಯಿಂದ, ಎಂದರೆ ಇಪ್ಪತ್ತೆರಡು ಅಡಿಗಳಷ್ಟು ದೂರದಿಂದ, ಗುರಿಯಿಟ್ಟು ಎಸೆಯುವುದನ್ನು ಸಾವಿರಾರು ಸಲ ಅಭ್ಯಾಸ ಮಾಡಿದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಲ್ಜಿಯಂ ತಂಡವನ್ನು 86-85ರಿಂದ ದಾಟಿ, ಫ್ರಾನ್ಸನ್ನು ಸೋಲಿಸಿ, ಅಂತಿಮ ಪಂದ್ಯದಲ್ಲಿ ಅಮೆರಿಕಕ್ಕೆ ಮಾತ್ರ ಮಣಿದು ಬೆಳ್ಳಿಯ ಪದಕ ಪಡೆದರು. ಕಂಠೀರವದಲ್ಲಿ ಗೆದ್ದ ಎರಡೇ ವರ್ಷಗಳಲ್ಲಿ! ಆ ಪಂದ್ಯಗಳನ್ನು ಹುಡುಗಿ ಮನೆಯಲ್ಲಿ ನೋಡುತ್ತಿದ್ದಾಗ ನಾನು ಪಕ್ಕದಲ್ಲಿಯೇ ಕುಳಿತಿದ್ದೆ. ಅವಳು ನನ್ನನ್ನು ಏನೂ ಕೇಳಲಿಲ್ಲ.

ಎರಡನೆಯದು ಪ್ರಯೋಜನದ ಮಾತು. ನಮ್ಮ ದೇಶದಲ್ಲಿ ಈ ಆಟವಾಡುವ ಹೆಣ್ಣುಮಕ್ಕಳಿಗೆ ಅನ್ನ ಕೊಟ್ಟು ಕಾಪಾಡಿದ ಸಂಸ್ಥೆಗಳಲ್ಲಿ ಮುಖ್ಯವಾದುದು ರೈಲ್ವೆ ಇಲಾಖೆ. ಅದು ಆಟಗಾರ್ತಿಯರಿಗೆ ನೌಕರಿ ಕೊಡುತ್ತದೆ, ಅಭ್ಯಾಸಕ್ಕೆ ಅವಕಾಶ ಕೊಡುತ್ತದೆ. ರಾಷ್ಟ್ರೀಯ ಪ್ರಶಸ್ತಿ ಮತ್ತೆ ಮತ್ತೆ ರೈಲ್ವೆಯ ಮಹಿಳೆಯರ ಪಾಲಾಗಿರುವುದಕ್ಕೆ ಇದೇ ಕಾರಣ. ಆಸ್ಟ್ರೇಲಿಯದ ಕ್ಲಬ್ಬಿಗೆ ಆಡಿ, 2011ರಲ್ಲಿ ಅಮೆರಿಕದ ವೃತ್ತಿಪರ ತಂಡಗಳ ಆಯ್ಕೆಯ ಪರೀಕ್ಷೆಗೂ ಹೋಗಿಬಂದ ಕೇರಳದ ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಯ ಆಟಗಾರ್ತಿ. ಒಂಬತ್ತು ಏಷ್ಯಾ ಕೂಟಗಳಲ್ಲಿ ಆಡಿ 2021ರಲ್ಲಿ ಪದ್ಮಶ್ರೀ ಪಡೆದ ಅನಿತಾ ಪಾಲ್‌ದುರೈ ಸಹ ಅಲ್ಲಿಯವರೇ. ಪ್ರಯೋಜನವೆಲ್ಲಿದೆ ಎಂದು ನಾನು ಉಪದೇಶ ಮಾಡಿದುದು, ಹಗಲಿರುಳೂ ರೈಲಿನ ಸದ್ದು ಕೇಳುವ ಅರಸೀಕೆರೆಯ ಮನೆಯೊಂದರಲ್ಲಿ ಕುಳಿತು!

ನಮ್ಮ ಹುಡುಗಿಯನ್ನು ತಡೆಯದಿದ್ದರೆ ಅವಳು ಭಾರತಕ್ಕೆ ಆಡುತ್ತಿದ್ದಳೆಂದು ನಾನು ಹೇಳುವುದಿಲ್ಲ. ಅಂಥ ಭಾಗ್ಯ ಸಾವಿರದಲ್ಲಿ ಒಬ್ಬಳಿಗೆ. ಬೇಲೂರಿನಿಂದ ಹದಿನಾರು ಕಿಲೋಮೀಟರ್ ನಡೆದು ಹಳೇಬೀಡಿಗೆ ಬಂದಾಗ ಆ ಸಾವಿರದ ಲೆಕ್ಕ ನನಗೆ ಬೇರೆಯಾಗಿ ತೋರಿತು. (ನಡೆದು ಎಂದುದು ಮಾತಿಗೆ, ಬಂದುದು ಬಸ್ಸಿನಲ್ಲಿ.) ಹೊಯ್ಸಳೇಶ್ವರನ ಗುಡಿಯ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಆನೆಗಳ ಸಾಲು. ಅದರ ಮೇಲೆ ಸಿಂಹ, ಕುದುರೆ, ಪುರಾಣಕಥೆಗಳು. ಎಲ್ಲಕ್ಕೂ ಮೇಲೆ ದೇವತೆಗಳ ದೊಡ್ಡ ವಿಗ್ರಹಗಳು. ನೋಡುವವರ ಕಣ್ಣು ಮೇಲಿನ ವಿಗ್ರಹಗಳಿಗೇ ಹೋಗುತ್ತದೆ. ಕೆಳಗಿನ ಆನೆಗಳನ್ನು ಎಣಿಸುವವರಿಲ್ಲ. ಎಣಿಸದಿದ್ದರೂ ಭಾರ ಹೊತ್ತಿರುವುದು ಅವೇ. ಹನ್ನೆರಡು ಮಂದಿಯ ರಾಷ್ಟ್ರತಂಡಕ್ಕೂ ಊರೂರಿನ ಶಾಲೆಯಂಗಳದಲ್ಲಿ ಸಂಜೆ ಚೆಂಡು ಪುಟಿಸುವ ಸಾವಿರಾರು ಹುಡುಗಿಯರೇ ಆಧಾರ. ಆ ಸಾಲಿನಿಂದ ನಾವು ಒಬ್ಬೊಬ್ಬಳನ್ನೇ ಮನೆಗೆ ಕರೆದೊಯ್ದು, ಮೇಲೆ ವಿಗ್ರಹವೇಕೆ ನಿಲ್ಲಲಿಲ್ಲವೆಂದು ಪತ್ರಿಕೆಗಳಲ್ಲಿ ಕೇಳುತ್ತೇವೆ.

ಈ ಗುಡಿಗಳ ಕಲ್ಲಿನ ಗುಣವನ್ನು ಬಲ್ಲವರು ಬಲ್ಲರು. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದುವಾಗಿರುತ್ತದೆ. ಗಾಳಿಗೆ ತೆರೆದುಕೊಂಡು ದಿನ ಕಳೆದಂತೆ ಗಡುಸಾಗುತ್ತದೆ. ಉಳಿಯ ಸೂಕ್ಷ್ಮವನ್ನೆಲ್ಲ ಶಿಲ್ಪಿ ತೋರಿಸಬೇಕಾದುದು ಅದು ಮೆದುವಾಗಿರುವಾಗ. ಹತ್ತರಿಂದ ಹದಿನೈದರ ವಯಸ್ಸಿನ ಮಕ್ಕಳ ಕೈಕಾಲುಗಳೂ ಹಾಗೆಯೇ. ‘ಪರೀಕ್ಷೆ ಮುಗಿಯಲಿ, ಆಮೇಲೆ ಆಟ ಇದ್ದೇ ಇದೆ’ ಎಂದವನಿಗೆ ದಾಸೋಜ ಏನು ಹೇಳುತ್ತಿದ್ದನೋ!

ಸಂಜೆ ಅರಸೀಕೆರೆಗೆ ಮರಳಿದಾಗ ಹುಡುಗಿ ಮನೆಗೆ ಬರಲಿಲ್ಲ. ರಜೆಗೆ ಊರಿಗೆ ಬಂದಾಗಲೆಲ್ಲ ತನ್ನ ಹಳೆಯ ಶಾಲೆಯ ಅಂಗಳದಲ್ಲಿ ಚಿಕ್ಕ ಹುಡುಗಿಯರಿಗೆ ಚೆಂಡು ಕಲಿಸುತ್ತಾಳಂತೆ; ನನಗೆ ಅದು ತಿಳಿದೇ ಇರಲಿಲ್ಲ. ನಾನೂ ಹೋಗಿ ಗೋಡೆಯ ಪಕ್ಕದಲ್ಲಿ ನಿಂತೆ. ಅದೇ ಕಂಬ, ಅದೇ ಹಲಗೆ; ಬಳೆಗೆ ಮಾತ್ರ ಈಗ ಹೊಸ ಬಲೆ. ಅಟ್ಟದಿಂದ ಇಳಿದ ಚೆಂಡು ಕೈಯಿಂದ ಕೈಗೆ ಓಡುತ್ತಿತ್ತು. ಹನ್ನೊಂದು ಮಂದಿ ಹುಡುಗಿಯರು. ಎಲ್ಲರಿಗಿಂತ ಗಿಡ್ಡಳಾದವಳು ಎಲ್ಲರಿಗಿಂತ ಚುರುಕಾಗಿದ್ದಳು.

ಬೀದಿಯ ದೀಪ ಹತ್ತಿತು. ತಾಯಿಯೊಬ್ಬಳು ಬಾಗಿಲ ಬಳಿ ಬಂದು ಆ ಗಿಡ್ಡ ಹುಡುಗಿಯನ್ನು ಕೂಗಿದಳು: “ಸಾಕು ಬಾರೇ, ಕತ್ತಲಾಯಿತು. ಓದುವುದಿಲ್ಲವೇನು?”

ಹುಡುಗಿ ಚೆಂಡು ಹಿಡಿದುಕೊಂಡು ನಿಂತಳು. ನನ್ನ ಸೊಸೆ ನನ್ನ ಕಡೆ ನೋಡಿದಳು.

“ಇನ್ನು ಹತ್ತೇ ನಿಮಿಷ ಇರಲಿ, ತಾಯಿ” ಎಂದೆ. “ಒಂದು ಪಾಲು ಆಟ ಮುಗಿಯುತ್ತದೆ. ಮನೆಯವರೆಗೆ ನಾವೇ ತಂದು ಬಿಡುತ್ತೇವೆ.”

ಆಕೆ ಕ್ಷಣಕಾಲ ಯೋಚಿಸಿ, ಸೆರಗನ್ನು ಹೊದೆದು, ಗೋಡೆಯ ಪಕ್ಕದಲ್ಲಿ ನಿಂತು ನೋಡತೊಡಗಿದಳು.