ಗೆಲುವಿಗಿಂತ ಸತ್ಯ ದೊಡ್ಡದು



ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಅಲ್ಲಿ ಕರ್ನಾಟಕದ ವಕೀಲರ ತಂಡ ಮುನ್ನಡೆಸಿದವರು ಫಾಲಿ ನಾರಿಮನ್. ಸರ್ಕಾರಿ ಎಂಜಿನಿಯರಾಗಿದ್ದ ನಾನು ಬಲ್ಲೆ: ಇಲಾಖೆ ಕೊಟ್ಟ ಒಂದು ಅಂಕಿ ಸುಳ್ಳಾದರೆ ಎಂಥ ವಕೀಲರ ವಾದವೂ ನಿಲ್ಲದು.

2016ರಲ್ಲಿ ಕಾವೇರಿ ನೀರಿನ ಆದೇಶವನ್ನು ರಾಜ್ಯ ಪಾಲಿಸದಿದ್ದಾಗ, ಇನ್ನು ವಾದಿಸಲಾರೆ ಎಂದು ಅದೇ ನಾರಿಮನ್ ಸುಪ್ರೀಂ ಕೋರ್ಟಿನಲ್ಲಿ ಹೇಳಿದರು. ಆಗ ನನಗೂ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ತನ್ನ ಕಕ್ಷಿದಾರನಿಗೆ ಕಹಿ ಸತ್ಯ ಹೇಳುವುದೂ ವಕೀಲನ ಕಾಯಕವೇ.

ಆಲಮಟ್ಟಿಯ ಹಿನ್ನೀರು ನಮ್ಮ ಸೀಮೆಯದೇ ಹೊಲಗಳನ್ನು ಮುಳುಗಿಸುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರೈತ ಪರಿಹಾರಕ್ಕಾಗಿ ಕೋರ್ಟಿಗೆ ಹೋದರೆ ಎದುರಿಗೆ ನಿಲ್ಲುವುದು ಸರ್ಕಾರದ ವಕೀಲರೇ. ಬೇಡಿಕೆ ನ್ಯಾಯವಾಗಿದ್ದರೆ 'ಮೇಲ್ಮನವಿ ಬೇಡ, ಹಣ ಕಟ್ಟಿ' ಎಂದು ಅವರು ಇಲಾಖೆಗೆ ಬರೆಯಲಿ. 1894ರ ಕಾಯ್ದೆಯಲ್ಲಿ ಹೆಚ್ಚುವರಿ ಪರಿಹಾರಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. ಎಳೆದಷ್ಟೂ ಬೊಕ್ಕಸಕ್ಕೇ ಹೊರೆ, ರೈತನಿಗೆ ಸವಕಳಿ.

ನಾವೂ ಇಲ್ಲದ ಗಿಡ-ಬಾವಿ ಬರೆಸದಿರೋಣ. ಸತ್ಯ ಎರಡೂ ಕಡೆ ಬೇಕು.